ಉದುರಿದ ಅಕ್ಕಿ, ಆಯ್ದ ನಾದ

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಕೇಳದ ಶರಣಸಂಪ್ರದಾಯದ ಮನೆ ಕನ್ನಡ ನಾಡಿನಲ್ಲಿ ವಿರಳವೆನ್ನಬೇಕು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ಶರಣರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿ ಕೈಕೊಂಡು, ಅದರಿಂದ ದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ದೊರೆಯಿತು. ಸತಿ ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ನಿತ್ಯದ ಅಳತೆಯನ್ನು ಮೀರಿ ಬಂದುದು ತಮ್ಮ ಕಾಯಕಕ್ಕೆ ಸಲ್ಲತಕ್ಕುದಲ್ಲವೆಂದು ಬಗೆದು, ಹೆಚ್ಚಾದುದನ್ನು ಹಿಂದಕ್ಕೆ ಕಳುಹಿಸಿದರು.

ಈ ಕಥೆಯನ್ನು ಆಸೆಯ ನಿಗ್ರಹಕ್ಕೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಅದು ಯುಕ್ತವೇ ಸರಿ. ಆದರೆ ಇದರೊಳಗೆ ಇನ್ನೊಂದು ಪ್ರಶ್ನೆಯೂ ಅಡಗಿದೆ. ಆ ಅಕ್ಕಿ ನೆಲಕ್ಕೆ ಉದುರಿದುದು. ಕೇಳುವವರಿಲ್ಲ, ಎತ್ತಿಕೊಂಡರೆ ಯಾರ ಕಣಜಕ್ಕೂ ಕೊರತೆಯಿಲ್ಲ. ಯಾವ ನ್ಯಾಯಾಧಿಕಾರಿಯೂ ಅದನ್ನು ಕಳವೆಂದು ತೀರ್ಪು ಕೊಡಲಾರನು. ಹಾಗಿದ್ದೂ ಆಯುವವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಮಾತೊಂದು ಉಂಟೆಂದು ಆ ತಾಯಿ ಕಂಡುಕೊಂಡರು. ಉದುರಿದುದೆಲ್ಲ ಯಾರದೂ ಅಲ್ಲದುದೇ? ಎತ್ತಿಕೊಳ್ಳುವುದಾದರೆ ಎಷ್ಟನ್ನು, ಏತಕ್ಕಾಗಿ, ಯಾವ ಮನಸ್ಸಿನಿಂದ? ಅಕ್ಕಿಯ ಮಾತು ಹಾಗಿರಲಿ, ನಾದದ ವಿಷಯದಲ್ಲಿ ಈ ಪ್ರಶ್ನೆ ಇಂದು ಲೋಕದ ನಾನಾ ಕಡೆಗಳಲ್ಲಿ ಎದ್ದು ನಿಂತಿದೆ.

ಪಶ್ಚಿಮ ದೇಶಗಳ ನಗರಗಳಲ್ಲಿ ಯುವಜನರು ರಾತ್ರಿಯಿಡೀ ಕುಣಿಯುವ ಸಂಗೀತವೊಂದುಂಟು. ವಿದ್ಯುದ್ಯಂತ್ರಗಳಿಂದಲೂ ಕಂಪ್ಯೂಟರಿನಿಂದಲೂ ಹುಟ್ಟುವ ಈ ಎಲೆಕ್ಟ್ರಾನಿಕ್ ನೃತ್ಯಸಂಗೀತದಲ್ಲಿ ನಿಮಿಷಕ್ಕೆ 120ರಿಂದ 130ರವರೆಗೆ ತಾಳದ ಪೆಟ್ಟುಗಳು ತಪ್ಪದೆ ಬೀಳುತ್ತಿರುತ್ತವೆ. ವೇಗದ ಪ್ರಕಾರಗಳಲ್ಲಿ ಅದು 170ನ್ನೂ ಮುಟ್ಟುವುದುಂಟು. ಇದನ್ನು ಕಟ್ಟುವವನು ಅನೇಕ ವೇಳೆ ಎಲ್ಲವನ್ನೂ ತಾನೇ ನುಡಿಸುವುದಿಲ್ಲ. ಬೇರೊಬ್ಬರ ಧ್ವನಿಮುದ್ರಣದಿಂದ ಒಂದು ಆಲಾಪವನ್ನೋ, ಚರ್ಮವಾದ್ಯದ ಒಂದು ವರಸೆಯನ್ನೋ, ಹಾಡಿನ ಒಂದು ಸಾಲನ್ನೋ ಕತ್ತರಿಸಿ ತೆಗೆದು, ಅದು ಮರಮರಳಿ ಬರುವಂತೆ ಜೋಡಿಸಿ, ಅದರ ಅಡಿಯಲ್ಲಿ ತನ್ನ ತಾಳವನ್ನು ಹಾಸುತ್ತಾನೆ. ಹೀಗೆ ತೆಗೆದ ತುಣುಕಿಗೆ ಸ್ಯಾಂಪಲ್ ಎಂದೂ, ಇದ್ದ ಹಾಡನ್ನೇ ಬಿಚ್ಚಿ ಮತ್ತೆ ಕಟ್ಟುವುದಕ್ಕೆ ರೀಮಿಕ್ಸ್ ಎಂದೂ ಹೆಸರು. 1970ರ ದಶಕದಲ್ಲಿ ನ್ಯೂಯಾರ್ಕಿನ ಟಾಮ್ ಮೌಲ್ಟನ್ ಮೊದಲಾದವರು ನರ್ತನದ ಅಗತ್ಯಕ್ಕೆ ತಕ್ಕಂತೆ ಹಾಡುಗಳನ್ನು ಹಿಗ್ಗಿಸಿ ಬೆರೆಸತೊಡಗಿದಂದಿನಿಂದ ಇದೊಂದು ಕಸುಬಾಗಿ ಬೆಳೆದಿದೆ.

ಆಕರವನ್ನು ಆಯ್ದುಕೊಳ್ಳುವಲ್ಲಿ ಈ ಕಸುಬಿನವರ ಕಣ್ಣು ಬೀಜದ ತೆನೆಯನ್ನು ಆರಿಸುವ ಒಕ್ಕಲಿಗನ ಕಣ್ಣಿಗಿಂತ ಕಡಿಮೆ ಸೂಕ್ಷ್ಮವಾದುದಲ್ಲ. ತುಣುಕಿನ ಶ್ರುತಿ ತನ್ನ ಹಾಡಿನ ಶ್ರುತಿಯೊಡನೆ ಕೂಡುವುದೇ, ಲಯ ಹೊಂದುವುದೇ, ಕೊರಳಿನ ಹಿಂದೆ ಬೇರೆ ವಾದ್ಯಗಳ ಸದ್ದಿಲ್ಲದೆ ತಿಳಿಯಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಹಿಂದೆ ತಟ್ಟೆಯ ವೇಗವನ್ನು ಹೆಚ್ಚಿಸಿದರೆ ಶ್ರುತಿಯೂ ಏರುತ್ತಿತ್ತು. ಕೊರಳೊಂದೇ ಒಂಟಿಯಾಗಿ ನಿಂತ ಭಾಗ ಬೇಕಾದರೆ ಹಳೆಯ ಅಂಗಡಿಗಳಲ್ಲಿ ಧೂಳು ಹಿಡಿದ ತಟ್ಟೆಗಳನ್ನು ದಿನಗಟ್ಟಲೆ ತಿರುವಿಹಾಕಬೇಕಾಗುತ್ತಿತ್ತು. ಈಗ ಆ ಕಷ್ಟವಿಲ್ಲ. ಕಂಪ್ಯೂಟರು ಶ್ರುತಿಯನ್ನು ಮುಟ್ಟದೆ ಲಯವನ್ನು ಬದಲಿಸುತ್ತದೆ. 2019ರಲ್ಲಿ ಡೀಜರ್ ಎಂಬ ಫ್ರೆಂಚ್ ಸಂಸ್ಥೆ ‘ಸ್ಪ್ಲೀಟರ್’ ಎಂಬ ತಂತ್ರಾಂಶವನ್ನು ಉಚಿತವಾಗಿ ಬಿಟ್ಟುಕೊಟ್ಟಿತು. ಪೂರ್ತಿಯಾಗಿ ಬೆರೆತು ಹೋದ ಹಾಡಿನಿಂದಲೂ ಕೊರಳನ್ನು ವಾದ್ಯಗಳಿಂದ ಬೇರ್ಪಡಿಸುವ ಇಂತಹ ಸಾಧನಗಳು ಇಂದು ಹಲವಾರು. ಮಹಾಮನೆಯ ಅಂಗಳದ ನಾಲ್ಕು ಕಾಳುಗಳಷ್ಟೇ ಅಲ್ಲ, ಕಣಜಕ್ಕೆ ಕಣಜವೇ ಕೈಗೆ ಎಟಕುವಂತೆ ತೆರೆದು ಬಿದ್ದಿದೆ. ಸಿಕ್ಕದಿರುವುದೇ ಕಟ್ಟುಪಾಡಾಗಿದ್ದ ಕಾಲ ಕಳೆಯಿತು; ಇನ್ನು ಉಳಿದಿರುವುದು ಆಯುವವನ ಮನಸ್ಸಿನೊಳಗಿನ ಕಟ್ಟುಪಾಡು ಮಾತ್ರ.

ಏಳು ಸೆಕೆಂಡುಗಳ ಒಂದು ತುಣುಕಿನ ಚರಿತ್ರೆಯನ್ನು ಇಲ್ಲಿ ನೆನೆಯಬಹುದು. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ಎಂಬ ವಾದ್ಯಗೋಷ್ಠಿ ಒಂದು ಧ್ವನಿತಟ್ಟೆಯನ್ನು ಹೊರತಂದಿತು. ಅದರ ಮುಮ್ಮಗ್ಗುಲಿನ ಹಾಡು ಜನಪ್ರಿಯವಾಗಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಹಿಮ್ಮಗ್ಗುಲಿನಲ್ಲಿ ‘ಆಮೆನ್, ಬ್ರದರ್’ ಎಂಬ, ಕ್ರೈಸ್ತರ ಭಕ್ತಿಗೀತೆಯೊಂದನ್ನು ಆಧರಿಸಿದ ವಾದ್ಯರಚನೆಯಿತ್ತು. ಅದರ ನಡುವೆ ಉಳಿದ ವಾದ್ಯಗಳೆಲ್ಲ ಮೌನ ತಾಳುತ್ತವೆ. ಗ್ರೆಗರಿ ಕೋಲ್ಮನ್ ಎಂಬುವರು ಒಬ್ಬರೇ ನಾಲ್ಕು ಆವರ್ತಗಳಷ್ಟು ಹೊತ್ತು ಡ್ರಮ್ ಬಾರಿಸುತ್ತಾರೆ. ಇಪ್ಪತ್ತು ವರ್ಷಗಳ ತರುವಾಯ ಇಂಗ್ಲೆಂಡಿನ ‘ಜಂಗಲ್’, ‘ಡ್ರಮ್ ಅಂಡ್ ಬೇಸ್’ ಎಂಬ ನೃತ್ಯಸಂಗೀತ ಪ್ರಕಾರಗಳು ಆ ನಾಲ್ಕು ಆವರ್ತಗಳನ್ನು ವೇಗಗೊಳಿಸಿ, ಚೂರುಚೂರು ಮಾಡಿ, ಅದರ ತಳಹದಿಯ ಮೇಲೆಯೇ ಮನೆ ಕಟ್ಟಿಕೊಂಡವು. ಸಾವಿರಾರು ಹಾಡುಗಳಲ್ಲಿ ಆ ಪೆಟ್ಟುಗಳು ಕೇಳಿಬಂದವು. ಅವನ್ನು ಬಾರಿಸಿದ ಕೋಲ್ಮನ್ ಅವರು ಅದರಿಂದ ಒಂದು ಕಾಸನ್ನೂ ಪಡೆಯದೆ, 2006ರಲ್ಲಿ ಅಟ್ಲಾಂಟಾ ನಗರದಲ್ಲಿ ಮನೆಮಾರಿಲ್ಲದವರಾಗಿ ತೀರಿಕೊಂಡರು. ಹಕ್ಕುದಾರರಾಗಿದ್ದ ಗೋಷ್ಠಿಯ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೂ ಏನೂ ಸಂದಿರಲಿಲ್ಲ. ಕೊನೆಗೆ 2015ರಲ್ಲಿ ಬ್ರಿಟನ್ನಿನ ಈ ಸಂಗೀತದವರು ಕೆಲವರು ತಮ್ಮವರಲ್ಲಿ ಚಂದಾ ಎತ್ತಿ 24,000 ಪೌಂಡುಗಳನ್ನು ಕೂಡಿಸಿ ಸ್ಪೆನ್ಸರ್ ಅವರಿಗೆ ಮುಟ್ಟಿಸಿದರು. ಅವರು 2020ರಲ್ಲಿ ತೀರಿಕೊಂಡರು. ಆ ಹಣ ಯಾವ ನ್ಯಾಯಾಲಯದ ಆಜ್ಞೆಯಿಂದಲೂ ಬಂದುದಲ್ಲ. ಉಂಡ ಮನೆಯನ್ನು ನೆನೆದವರಿಂದ ಬಂದುದು. ಡ್ರಮ್ ಬಾರಿಸಿದ ಕೈ ಮಾತ್ರ ಅದಕ್ಕೆ ಒಂಬತ್ತು ವರ್ಷ ಮೊದಲೇ ಮಣ್ಣು ಸೇರಿತ್ತು.

ನ್ಯಾಯಾಲಯಗಳೂ ಸುಮ್ಮನಿಲ್ಲ. ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ 2005ರಲ್ಲಿ, ಎಷ್ಟೇ ಚಿಕ್ಕ ತುಣುಕಾದರೂ ಅನುಮತಿಯಿಲ್ಲದೆ ಮುಟ್ಟಕೂಡದೆಂದು ತೀರ್ಪಿತ್ತಿತು. 2016ರಲ್ಲಿ ಅದೇ ದೇಶದ ಮತ್ತೊಂದು ಮೇಲ್ಮನವಿ ನ್ಯಾಯಾಲಯ, ಮಡೋನ್ನಾ ಎಂಬ ಗಾಯಕಿಯ 1990ರ ನೃತ್ಯಗೀತೆಯಲ್ಲಿದ್ದ 0.23 ಸೆಕೆಂಡಿನ ಕಹಳೆಯ ಸದ್ದು ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲವೆಂದಿತು. ಜರ್ಮನಿಯಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಹಿರಿಯರೆನಿಸಿದ ಕ್ರಾಫ್ಟ್‌ವರ್ಕ್ ಗೋಷ್ಠಿಯವರು ತಮ್ಮ 1977ರ ಮುದ್ರಣದಿಂದ ಎತ್ತಿಕೊಂಡ ಎರಡು ಸೆಕೆಂಡುಗಳಿಗಾಗಿ ಹೂಡಿದ ವ್ಯಾಜ್ಯ ಎರಡು ದಶಕಗಳನ್ನೂ ಮೀರಿತು. 2016ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯವನ್ನು, 2019ರಲ್ಲಿ ಯುರೋಪಿನ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ಕಾನೂನು ಕೈಯಲ್ಲಿ ಗಡಿಯಾರ ಹಿಡಿದು ಕುಳಿತಿದೆ. ಅದರ ತೊಂದರೆ ಇಷ್ಟೇ: ಎರಡು ಸೆಕೆಂಡುಗಳಿಗಾಗಿ ಇಪ್ಪತ್ತು ವರ್ಷ ವಕೀಲರನ್ನು ಇಡಬಲ್ಲವರ ಮಾತು ಅದಕ್ಕೆ ಚೆನ್ನಾಗಿ ಕೇಳಿಸುತ್ತದೆ. ಪೂರ್ತಿ ಹಾಡನ್ನೇ ಕಳೆದುಕೊಂಡು, ಕಳೆದುಕೊಂಡೆನೆಂಬುದನ್ನೂ ಅರಿಯದವರ ಮಾತು ಕೇಳಿಸುವುದಿಲ್ಲ.

ಅಂತಹವರಲ್ಲಿ ಒಬ್ಬರು ಅಫುನಕ್ವಾ ಎಂಬ ತಾಯಿ. ಪೆಸಿಫಿಕ್ ಮಹಾಸಾಗರದ ಸಾಲೊಮನ್ ದ್ವೀಪಗಳಲ್ಲಿ ಮಲೈಟಾ ಎಂಬುದೊಂದು ದ್ವೀಪ. ಅಲ್ಲಿಯ ಬೇಗು ಜನರ ಭಾಷೆಯಲ್ಲಿ ‘ರೊರೊಗ್ವೆಲಾ’ ಎಂಬ ಜೋಗುಳವನ್ನು 1970ರಲ್ಲಿ ಈ ತಾಯಿ ಹಾಡಿದರು. ಹ್ಯೂಗೋ ಜೆಂಪ್ ಎಂಬ ಸಂಗೀತ ವಿದ್ವಾಂಸರು ಮುದ್ರಿಸಿಕೊಂಡರು. ಯುನೆಸ್ಕೋ ಸಂಸ್ಥೆಯ ಜಾನಪದ ಸಂಗೀತ ಮಾಲೆಯಲ್ಲಿ ಅದು ಪ್ರಕಟವಾಯಿತು. ಇಪ್ಪತ್ತೆರಡು ವರ್ಷಗಳ ನಂತರ, 1992ರಲ್ಲಿ, ಫ್ರಾನ್ಸಿನ ಡೀಪ್ ಫಾರೆಸ್ಟ್ ಎಂಬ ಜೋಡಿ ಆ ಕೊರಳನ್ನು ಎತ್ತಿಕೊಂಡು ಯಂತ್ರವಾದ್ಯಗಳ ತಾಳಕ್ಕೆ ಕೂಡಿಸಿ ‘ಸ್ವೀಟ್ ಲಲಬೈ’ ಎಂಬ ಹೆಸರಿನಿಂದ ಹೊರತಂದಿತು. ಯುರೋಪಿನ ನರ್ತನಶಾಲೆಗಳಲ್ಲಿಯೂ, ಜಾಹೀರಾತುಗಳಲ್ಲಿಯೂ ಅದು ಮೊಳಗಿತು. ಆ ಗೀತಗುಚ್ಛದಲ್ಲಿ ಅಫುನಕ್ವಾ ಅವರ ಹೆಸರಿರಲಿಲ್ಲ. ಮಲೈಟಾದ ಹೆಸರೂ ಇರಲಿಲ್ಲ. ಕೇಳಿದವರು ಅದನ್ನು ಆಫ್ರಿಕದ ಕಾಡಿನ ಪಿಗ್ಮಿ ಜನರ ಹಾಡೆಂದೇ ತಿಳಿದರು. 1996ರಲ್ಲಿ ನಾರ್ವೆ ದೇಶದ ಪ್ರಸಿದ್ಧ ವಾದಕ ಯಾನ್ ಗಾರ್ಬರೆಕ್ ಅವರು ಅದೇ ಧಾಟಿಯನ್ನು ನುಡಿಸಿ ಅದಕ್ಕೆ ‘ಪಿಗ್ಮಿ ಜೋಗುಳ’ವೆಂದೇ ಹೆಸರಿಟ್ಟರು. ಒಂದು ಕೈ ಹೆಸರನ್ನು ಅಳಿಸಿತು, ಎರಡನೆಯ ಕೈ ಸುಳ್ಳು ಹೆಸರನ್ನು ಬರೆಯಿತು. ಎರಡನೆಯವರದು ಬೇಕೆಂದು ಮಾಡಿದ ತಪ್ಪೆನ್ನಲಾಗದು. ಅವರು ಮೊದಲನೆಯವರನ್ನು ನಂಬಿದರು, ಅಷ್ಟೆ. ಆಕರ ಕೆಟ್ಟರೆ ಕೇಡು ಹೀಗೆ ಮುಂದಿನ ಮನೆಗೂ ಹರಿಯುತ್ತದೆ. ಅನುಮತಿಯ ವಿಷಯದಲ್ಲಿ ಕಹಿಯಾದ ವಿವಾದ ನಡೆಯಿತು. ತಾವು ಒಪ್ಪಿಗೆ ಕೊಟ್ಟಿರಲಿಲ್ಲವೆಂದು ಜೆಂಪ್ ಅವರು 1996ರಲ್ಲಿ ಬರೆದರು.

ಆದರೆ ಈ ವೃತ್ತಾಂತದಲ್ಲಿ ಎದೆಗೆ ನಾಟುವುದು ಹಣದ ಮಾತಲ್ಲ, ಹೆಸರಿನ ಮಾತೂ ಅಲ್ಲ. ಆ ಹಾಡು ಏನು ಹೇಳುತ್ತದೆ ಎಂಬುದು. ಹೆಸರಿಗೆ ಅದು ಜೋಗುಳ. ಹಾಡಿಸಿಕೊಳ್ಳುವುದು ತಂದೆ ಸತ್ತ ಮಗು. ಅಳುತ್ತಿರುವ ತಮ್ಮನನ್ನು ಒಡಹುಟ್ಟಿದವರು ಸಂತೈಸುತ್ತಿದ್ದಾರೆ. ತಂದೆ ಸತ್ತವರ ಊರಿಗೆ ಹೊರಟುಹೋದನೆಂದು ಹೇಳುತ್ತಿದ್ದಾರೆ. ಅದರ ಮೇಲೆ ತಾಳ ಹಾಕಿ ಕುಣಿದವರಾರಿಗೂ ಇದು ಗೊತ್ತಿರಲಿಲ್ಲ. ತಬ್ಬಲಿಯ ಮನೆಯ ಮುಂದೆ ಬಾಜಾಭಜಂತ್ರಿ ಬಾರಿಸಿಕೊಂಡು ಹೋಗುವ ಮೆರವಣಿಗೆಯನ್ನು ನಮ್ಮ ಹಳ್ಳಿಗಳಲ್ಲಿ ಯಾರಾದರೂ ಹಿರಿಯರು ಎದ್ದು ನಿಲ್ಲಿಸುತ್ತಾರೆ. ಇಲ್ಲಿ ನಿಲ್ಲಿಸುವ ಹಿರಿಯರಿರಲಿಲ್ಲ. ಶ್ರುತಿ ಕೂಡುವುದೇ, ಲಯ ಹೊಂದುವುದೇ ಎಂದು ಪರೀಕ್ಷಿಸಿದ ಕಿವಿ, ಈ ಹೆಂಗಸು ಏಕೆ ಹಾಡುತ್ತಿದ್ದಾಳೆಂದು ಕೇಳಲಿಲ್ಲ.

ಸಂಸ್ಥೆಯಿಂದ ರಸೀದಿ ಪಡೆದರೆ ಸಾಲದೇ ಎಂದು ಕೇಳಬಹುದು. ತೈವಾನ್ ದ್ವೀಪದ ಅಮಿಸ್ ಎಂಬ ಬುಡಕಟ್ಟಿನ ಡಿಫಾಂಗ್ ಎಂಬ ಹಿರಿಯರೂ ಅವರ ಪತ್ನಿಯೂ 1988ರಲ್ಲಿ ಯುರೋಪಿಗೆ ಹೋಗಿ ಹಾಡಿದ್ದರು. ಆ ಮುದ್ರಣವನ್ನು ಎನಿಗ್ಮಾ ಎಂಬ ಗೋಷ್ಠಿ ಫ್ರಾನ್ಸಿನ ಸಾಂಸ್ಕೃತಿಕ ಸಂಸ್ಥೆಯೊಂದರಿಂದ ಪಡೆದು 1993ರಲ್ಲಿ ‘ರಿಟರ್ನ್ ಟು ಇನೊಸೆನ್ಸ್’ ಎಂಬ ಗೀತೆಯಲ್ಲಿ ಬಳಸಿತು. 1996ರ ಅಟ್ಲಾಂಟಾ ಒಲಿಂಪಿಕ್ ಕ್ರೀಡೆಗಳ ಪ್ರಚಾರದಲ್ಲಿಯೂ ಅದು ಕೇಳಿಬಂದಿತು. ಸಂಸ್ಥೆಗೆ ಶುಲ್ಕ ಸಂದಿತ್ತು. ಹಾಡಿದ ದಂಪತಿಗಳನ್ನು ಕೇಳಿದವರಿಲ್ಲ. 1998ರಲ್ಲಿ ಅವರು ದಾವೆ ಹೂಡಿದರು. 1999ರಲ್ಲಿ ರಾಜಿಯಾಗಿ ಅವರ ಹೆಸರು ಹಾಡಿಗೆ ಸೇರಿತು. ಕಣಜದ ಕಾವಲುಗಾರನ ಒಪ್ಪಿಗೆ ಬೆಳೆದವನ ಒಪ್ಪಿಗೆಯಲ್ಲ. ಡಿಫಾಂಗ್ ದಂಪತಿಗಳು ಕೇಳಿ ಪಡೆದರೆಂಬುದು ಸಮಾಧಾನದ ಸಂಗತಿ. ಅವರು ಬದುಕಿದ್ದರು, ಸಂಗತಿ ಅವರ ಕಿವಿಗೆ ಬಿದ್ದಿತು.

ಇಲ್ಲಿ ಶರಣಧರ್ಮವನ್ನೇ ಮುಂದಿಟ್ಟುಕೊಂಡು ಆಕ್ಷೇಪವೆತ್ತುವವರುಂಟು. ‘ನನ್ನದು’ ಎಂಬುದನ್ನೇ ಬಿಡಬೇಕೆಂದು ಸಾರಿದವರಲ್ಲವೇ ಶರಣರು? ನಾದವೆಲ್ಲ ಶಿವನದಾದ ಮೇಲೆ ಹಾಡಿಗೆ ಒಡೆತನವೆಲ್ಲಿಯದು? ಜಾನಪದವೆಂದರೆ ಎಲ್ಲರದು, ಎಲ್ಲರದೆಂದರೆ ಯಾರದೂ ಅಲ್ಲ ಎಂಬುದು ಈ ವಾದದ ಹೊಳಪಾದ ರೂಪ. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಆದರೆ ತನ್ನದನ್ನು ತಾನು ಬಿಡುವುದು ತ್ಯಾಗ. ಇನ್ನೊಬ್ಬರದನ್ನು ‘ಯಾರದೂ ಅಲ್ಲ’ವೆಂದು ಎತ್ತಿಕೊಳ್ಳುವುದು ತ್ಯಾಗವಾಗುವುದೆಂತು? ಅಫುನಕ್ವಾ ತಾಯಿ ತಾವಾಗಿ, ಈ ಹಾಡು ನನ್ನದಲ್ಲ, ಕೇಳಿದವರೆಲ್ಲರದು ಎಂದಿದ್ದರೆ ಅದು ಅವರ ದೊಡ್ಡತನ. ಅವರ ಪರವಾಗಿ ಬೇರೆಯವರು ಆ ಮಾತನ್ನು ಹೇಳಿ ಹಣವನ್ನು ತಮ್ಮ ಚೀಲಕ್ಕೆ ಇಳಿಸಿಕೊಂಡರೆ ಅದಕ್ಕೆ ಬೇರೆ ಹೆಸರಿದೆ. ಲಕ್ಕಮ್ಮನವರು ಹಿಂದಿರುಗಿಸಿದುದು ತಮ್ಮ ಮನೆಗೆ ಬಂದ ಅಕ್ಕಿಯನ್ನು; ನೆರೆಮನೆಯವರ ಅಕ್ಕಿಯನ್ನು ದಾನ ಮಾಡಿದವರಲ್ಲ.

ಶರಣರ ಅಂಕಿತವನ್ನೇ ನೋಡಬಹುದು. ‘ನಾನು’ ಎಂಬುದನ್ನು ಅಷ್ಟೊಂದು ಕಟುವಾಗಿ ನಿರಾಕರಿಸಿದವರು ತಮ್ಮ ಹೆಸರನ್ನು ವಚನದಲ್ಲಿ ಇಡಲಿಲ್ಲ, ಇಷ್ಟದೈವದ ಹೆಸರನ್ನಿಟ್ಟರು. ಹಾಗೆಂದು ಅಂಕಿತವನ್ನೇ ಬಿಟ್ಟವರಲ್ಲ. ಆ ಅಂಕಿತವು ಒಡೆತನದ ಮುದ್ರೆಯಲ್ಲ, ಋಣದ ಮುದ್ರೆ. ಲಕ್ಕಮ್ಮನವರ ಅಂಕಿತದೊಳಗೆ ಮಾರಯ್ಯನವರ ಹೆಸರೇ ಸೇರಿಕೊಂಡಿದೆ. ಈ ಮಾತು ಎಲ್ಲಿಂದ, ಯಾರ ಸಂಗದಿಂದ ಬಂದಿತೆಂಬುದನ್ನು ಅದು ಮರೆಯಗೊಡುವುದಿಲ್ಲ.

ಬಿಚ್ಚಿ ಮತ್ತೆ ಕಟ್ಟುವ ಕೆಲಸವೇ ನಿಷಿದ್ಧವೆಂದು ಇದರಿಂದ ತಿಳಿಯಬಾರದು. ಶೂನ್ಯಸಂಪಾದನೆಯನ್ನು ಮನೆಯಲ್ಲಿಟ್ಟು ಪೂಜಿಸುವವರು ಹಾಗೆ ಹೇಳಲಾರರು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಅನೇಕ ಶರಣರ ಬಿಡಿಬಿಡಿಯಾದ ವಚನಗಳನ್ನು ಆಯ್ದು, ಹೊಸ ಕ್ರಮದಲ್ಲಿ ಜೋಡಿಸಿ, ನಡುನಡುವೆ ತಮ್ಮ ಗದ್ಯವನ್ನು ಬೆಸೆದು, ಪ್ರಭುದೇವರು ನಡುಮನೆಯಲ್ಲಿ ಕುಳಿತು ಎಲ್ಲರೊಡನೆ ಮಾತಾಡುವಂತೆ ಒಂದು ಮಹಾಸಂವಾದವನ್ನು ಕಟ್ಟಿದರು. ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನೇ ಮತ್ತೆ ತಿದ್ದಿ ಬೆಳೆಸಿದರು. ಒಂದರ್ಥದಲ್ಲಿ ನಾಲ್ಕು ಬಾರಿ ರೀಮಿಕ್ಸ್ ಆದ ಗ್ರಂಥವದು. ಮಾತು ಲಘುವೆನಿಸಿದರೆ ಹಿರಿಯರು ಕ್ಷಮಿಸಬೇಕು. ಅಷ್ಟು ಕೈಗಳು ಮುಟ್ಟಿದರೂ ಅಕ್ಕನ ವಚನ ಅಕ್ಕನ ಅಂಕಿತದೊಡನೆ, ಬಸವಣ್ಣನವರದು ಅವರ ಅಂಕಿತದೊಡನೆ ನಿಂತಿದೆ. ಸ್ಥಾನ ಬದಲಾಯಿತು, ನೆರೆಹೊರೆ ಬದಲಾಯಿತು. ಆಡಿದವರು ಯಾರೆಂಬುದು ಉಳಿಯಿತು. ಜೋಡಿಸಿದವರು ಪ್ರತಿಯೊಂದು ವಚನದ ಅರ್ಥವನ್ನು ಅರಗಿಸಿಕೊಂಡೇ ಅದಕ್ಕೊಂದು ಜಾಗ ಕೊಟ್ಟರು.

ಇದಕ್ಕೆ ಹತ್ತಿರವಾದುದು ನೃತ್ಯಸಂಗೀತದಲ್ಲಿಯೂ ಇಲ್ಲದಿಲ್ಲ. ಅಮೆರಿಕದ ಅಲಬಾಮಾ ಪ್ರಾಂತದ ಲಿವಿಂಗ್‌ಸ್ಟನ್ ಊರಿನಲ್ಲಿ ಮನೆಮನೆಯ ಅಡಿಗೆ ಮಾಡಿ, ಬಟ್ಟೆ ಒಗೆದು ಬದುಕಿದ ವೆರಾ ಹಾಲ್ ಎಂಬ ತಾಯಿ, ತಮ್ಮ ಸಂಕಟವನ್ನು ದೇವರಲ್ಲದೆ ಬೇರಾರೂ ಅರಿಯರೆಂಬ ಭಾವದ ಹಾಡೊಂದ
ನ್ನು ಅಲನ್ ಲೋಮ್ಯಾಕ್ಸ್ ಎಂಬ ಸಂಗ್ರಾಹಕರ ಮುಂದೆ ಹಾಡಿದ್ದರು. ಅವರು ತೀರಿಕೊಂಡದ್ದು 1964ರಲ್ಲಿ. 1999ರಲ್ಲಿ ಮೋಬಿ ಎಂಬ ಸಂಗೀತಗಾರ ಆ ಕೊರಳನ್ನು ತನ್ನ ‘ಪ್ಲೇ’ ಎಂಬ ಗೀತಗುಚ್ಛದಲ್ಲಿ ಇಟ್ಟನು. ಸತ್ತವರನ್ನು ಕೇಳಿ ಪಡೆಯುವಂತಿರಲಿಲ್ಲ. ಆ ಗುಚ್ಛದ ಹಾಡುಗಳೆಲ್ಲ ಬಳಿಕ ಜಾಹೀರಾತುಗಳಿಗೂ ಮಾರಾಟವಾದುದು ನುಂಗಲಾರದ ತುತ್ತು. ಆದರೂ ಹಾಡಿನ ಸಂಕಟ ಅಲ್ಲಿ ಸಂಕಟವಾಗಿಯೇ ಕೇಳಿಸುತ್ತದೆ. ತಾಳ ಅದನ್ನು ಹೊತ್ತು ನಡೆಯುತ್ತದೆ, ತುಳಿಯುವುದಿಲ್ಲ. ವಿದ್ವಾಂಸರ ಕಪಾಟಿನಲ್ಲಿ ಮಲಗಿದ್ದ ಆ ಹೆಸರನ್ನು ಅನೇಕರು ಹುಡುಕಿಕೊಂಡು ಹೋದರು. ಇದು ಒಪ್ಪಿಗೆಗೆ ಸಮನಲ್ಲ. ಕೇಳಲು ಯಾರೂ ಉಳಿದಿಲ್ಲದಾಗ ಆಯುವವನಿಗೆ ಉಳಿದ ದಾರಿ ಇದೊಂದೇ ಎಂದಷ್ಟೇ ಹೇಳಬಹುದು: ಹಾಡನ್ನು ಅದರ ಅರ್ಥದೊಡನೆ, ಹೆಸರಿನೊಡನೆ ಒಯ್ಯುವುದು, ಅದು ಒಲ್ಲದ ಕಡೆಗೆ ಒಯ್ಯದಿರುವುದು.

ಈ ಮಾತು ಕನ್ನಡದ ಗೃಹಸ್ಥರ ಅಂಗಳಕ್ಕೂ ಬಂದಿದೆ. ಮದುವೆಯ, ಜಾತ್ರೆಯ ಮೆರವಣಿಗೆಗಳಲ್ಲಿ ಡಿ.ಜೆ. ಎಂದು ಕರೆಯಿಸಿಕೊಳ್ಳುವ ಧ್ವನಿವರ್ಧಕಗಳ ಬಂಡಿ ಇಂದು ಸಾಮಾನ್ಯ. ವಚನಗಳು ಹನ್ನೆರಡನೆಯ ಶತಮಾನದವು, ಅವುಗಳ ಮೇಲೆ ಕೃತಿಸ್ವಾಮ್ಯವಿಲ್ಲ. ಯಾರು ಬೇಕಾದರೂ ಹೊಸದಾಗಿ ಹಾಡಬಹುದು. ಆದರೆ ಮಲ್ಲಿಕಾರ್ಜುನ ಮನ್ಸೂರರೋ ಬಸವರಾಜ ರಾಜಗುರುಗಳೋ ಹಾಡಿದ ಮುದ್ರಣ ಬೇರೆಯ ಮಾತು. ಭಾರತದ 1957ರ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದಂದಿನಿಂದ 60 ವರ್ಷಗಳವರೆಗೆ ಉಳಿಯುತ್ತದೆ. 2012ರ ತಿದ್ದುಪಡಿಯು ಹಾಡಿದವರಿಗೆ ತಮ್ಮ ಹೆಸರನ್ನು ಕೇಳುವ, ಕೀರ್ತಿಗೆ ಕುಂದು ತರುವ ವಿಕಾರವನ್ನು ತಡೆಯುವ ಹಕ್ಕನ್ನೂ ಕೊಟ್ಟಿದೆ. ಇದು ಕಾನೂನಿನ ಮಾತಾಯಿತು. ಕಾನೂನು ಹೇಳದಿರುವುದು, ಅಂಕಿತದ ಸಾಲನ್ನೇ ಕತ್ತರಿಸಿ ಎಸೆದು ನಡುವಿನ ಎರಡು ಪದಗಳನ್ನು ಕುಣಿತಕ್ಕೆ ಮರಳಿ ಮರಳಿ ಬಾರಿಸಿದರೆ ಉಳಿದುದು ವಚನವೇ ಎಂಬುದು.

ವಚನಕ್ಕಾದರೋ ಕೇಳುವ ಮಠಗಳಿವೆ, ವಿದ್ವಾಂಸರಿದ್ದಾರೆ. ಬೀಸುವ ಪದಗಳಿಗೆ, ಸೋಬಾನೆಗಳಿಗೆ ಯಾರಿದ್ದಾರೆ? ಜಾತ್ರೆಯ ಮೆರವಣಿಗೆಗೆ ಹಾಡು ಜೋಡಿಸುತ್ತಿರುವ ಹುಡುಗನೊಬ್ಬನ ಮೊಬೈಲಿನಲ್ಲಿ ತನ್ನದೇ ಓಣಿಯ ಮುದುಕಿಯೊಬ್ಬಳು ಹಾಡಿದ ಬೀಸುವ ಪದವಿರುತ್ತದೆ. ಕೊರಳು ತಿಳಿಯಾಗಿದೆ, ಮೂರನೆಯ ಸಾಲು ಅವನ ತಾಳಕ್ಕೆ ಹೇಳಿ ಮಾಡಿಸಿದಂತೆ ಕೂಡುತ್ತದೆ. ಆ ಸಾಲಿನಲ್ಲಿ ಆಕೆ ತವರಿನ ಸುಖವನ್ನು ಹಾಡಿದ್ದಾಳೋ, ಹೆತ್ತು ಕಳೆದುಕೊಂಡ ಕೂಸನ್ನು ನೆನೆದಿದ್ದಾಳೋ, ಅವನು ಕೇಳಿಲ್ಲ. ಅಫುನಕ್ವಾ ಅವರಂತೆ ಆಕೆ ಸಮುದ್ರದಾಚೆ ಇಲ್ಲ, ವೆರಾ ಹಾಲ್ ಅವರಂತೆ ಮಣ್ಣಿನಲ್ಲಿಲ್ಲ. ನಾಲ್ಕು ಮನೆಯಾಚೆ ಕಟ್ಟೆಯ ಮೇಲೆ ಕುಳಿತಿದ್ದಾಳೆ. ಅವನು ಎದ್ದು ಹೋಗಿ ‘ಅಜ್ಜೀ, ನಿನ್ನ ಈ ಪದ ತಗೋಬಹುದಾ?’ ಎಂದು ಕೇಳಿದರೆ ಆಕೆ ನಕ್ಕು ಇನ್ನೊಮ್ಮೆ ಚೆನ್ನಾಗಿ ಹಾಡಿಕೊಟ್ಟಾಳು. ಅಥವಾ, ಬೇರೆ ಯಾವುದಾದರೂ ತಗೋ ಮಗಾ, ಆ ಸಾಲು ಬೇಡ ಎಂದಾಳು. ಆಗ ಅವನು ಇಡೀ ಹಾಡನ್ನು ಬಿಚ್ಚಿ ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ; ಜಾತ್ರೆಗೆ ಎರಡೇ ದಿನ ಉಳಿದಿರುತ್ತದೆ.